ಮಿಸೆಸ್ ಗೇದರ್ ಹೇಳಿದ ಸಾಕ್ಷಿ

ಮಿಸೆಸ್ ಗೇದರ್ ಅವರ ಸ್ವಂತ ಹೆಸರು ಏನೆಂದು ಹೇಗುಡ್ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವರೇ ನೋಡಿಕೊಂಡಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಅವರು ನಡೆಸುತ್ತಿದ್ದ ಬ್ಯೂಟಿ ಪಾರ್ಲರಿನ ಬೋರ್ಡಿನ ಮೇಲೆ 'ಮಿಸೆಸ್ ಎಸ್. ಟಿ. ಗೇದರ್' ಎಂದು ಬರೆಸಿದ್ದರು. ಎಸ್ಸು, ಟೀ ಎರಡೂ ತೀರಿಹೋದ ಗಂಡ ಸೈಲಸ್‌ನವು. ಟಪಾಲು ಬರುತ್ತಿದ್ದದ್ದೂ ಅದೇ ಹೆಸರಿಗೆ, ಕರೆಂಟಿನ ಬಿಲ್ಲು ಬರುತ್ತಿದ್ದದ್ದೂ ಅದೇ ಹೆಸರಿಗೆ.

ಇದು ಅವರೊಬ್ಬರ ಹುಚ್ಚು ಅಂದುಕೊಳ್ಳಬೇಡಿ. ಅಮೆರಿಕದ ಅಲಬಾಮಾದಲ್ಲಿ ಅವರ ವಯಸ್ಸಿನ ಎಷ್ಟೋ ಕಪ್ಪು ಹೆಂಗಸರು ಹೀಗೆ ಗಂಡನ ಇನಿಷಿಯಲ್ಲುಗಳ ಹಿಂದೆ ಅವಿತುಕೊಂಡಿದ್ದರು. ಬಿಳಿಯರ ಬಾಯಿಗೆ ಹೆಸರು ಸಿಕ್ಕಿತೋ, ಮುಗಿಯಿತು: ಮೀಸೆ ಮೂಡದ ಹುಡುಗನೂ ಅಜ್ಜಿಯ ವಯಸ್ಸಿನವಳನ್ನು ಹೆಸರು ಹಿಡಿದು ಕೂಗುತ್ತಿದ್ದ. 'ಮಿಸೆಸ್' ಎನ್ನುವುದು ಬಿಳಿ ಹೆಂಗಸರಿಗೆ ಮಾತ್ರ ಮೀಸಲು. ಹೆಸರು ಗೊತ್ತಿಲ್ಲದ ವಯಸ್ಸಾದ ಕಪ್ಪು ಹೆಂಗಸಿಗೆ 'ಆಂಟಿ' ಅನ್ನುತ್ತಿದ್ದರು. ಹಾಗೆ ಅನ್ನುತ್ತಿದ್ದವರು ಯಾರೂ ಆ ಆಂಟಿಯ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವವರಲ್ಲ.

ಮಿಸೆಸ್ ಗೇದರ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೂದಲಿನ ಎಣ್ಣೆ ಮಾರಲು ಬರುವ ಬಿಳಿ ಏಜೆಂಟ್ ಒಮ್ಮೆ ಬಾಗಿಲಲ್ಲಿ ನಿಂತು, "ನಿನ್ನ ಹೆಸರೇನು ಆಂಟಿ? ಬಿಲ್ಲಿಗೆ ಬೇಕು" ಎಂದ. ಇವರು, "ನಿಮ್ಮಮ್ಮ ನನ್ನ ತಮ್ಮನ್ನ ಮದುವೆಯಾದದ್ದು ಯಾವಾಗಪ್ಪಾ? ನನಗೆ ಹೇಳಲೇ ಇಲ್ಲವಲ್ಲ" ಎಂದು ಕೇಳಿದ್ದರು. ಆತ ಎಣ್ಣೆಯ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ನಡೆದುಬಿಟ್ಟ. ಇಂಥ ಮಾತಿಗೆ ಜೀವ ಹೋದದ್ದೂ ಉಂಟು ಆ ಕಾಲದಲ್ಲಿ. ಆದರೆ ಪಾರ್ಲರಿನವರಿಗೆ ಒಂದು ಅನುಕೂಲವಿತ್ತು. ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ, ಕೆಲಸದಿಂದ ಕಿತ್ತುಹಾಕಲು ಬಿಳಿ ಯಜಮಾನ ಇರಲಿಲ್ಲ. ಹಾಗಾಗಿ ಓಟಿನ ಹಕ್ಕಿನ ಚಳವಳಿ ನಮ್ಮ ಊರಿಗೆ ಬಂದಾಗ ಅದು ಮೊದಲು ಬಂದು ಕೂತದ್ದು ಮಿಸೆಸ್ ಗೇದರ್ ಅವರ ಕುರ್ಚಿಯಲ್ಲೇ.

ಸಾವಿರದ ಒಂಬೈನೂರ ಅರವತ್ತನಾಲ್ಕನೆಯ ಇಸವಿಯ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಪ್ಪು ಜನ ಓಟಿಗೆ ಹೆಸರು ಬರೆಸಲು ಕೋರ್ಟಿನ ಮೆಟ್ಟಿಲ ಮೇಲೆ ಸಾಲು ನಿಂತಿದ್ದರು. ಸಾಲಿನ ಮುಂದೆ ವರ್ನೀಟಾ ಸ್ಟ್ರೌಡ್ ಎಂಬ ಕಾಲೇಜು ಹುಡುಗಿ, ಅವಳ ಹಿಂದೆ ನಾಲ್ಕಾರು ಜನ ಬಿಟ್ಟು ಮಿಸೆಸ್ ಗೇದರ್. ಮುಂಜಾನೆ ಮಳೆ ಬಂದು ಮೆಟ್ಟಿಲು ಒದ್ದೆಯಾಗಿತ್ತು. ಶೆರೀಫನ ದಪ್ಪ ಪೊಲೀಸನೊಬ್ಬ ಬಂದು ಹುಡುಗಿಯ ರಟ್ಟೆಗೆ ಕೈ ಹಾಕಿ ಜಗ್ಗಿದ. ಅವಳು ಕದಲಲಿಲ್ಲ, ಇವನ ಬೂಟು ಜಾರಿತು. ಆಸಾಮಿ ಕುಂಡೆಯ ಮೇಲೆ ಕೂತು ಮೆಟ್ಟಿಲು ಮೆಟ್ಟಿಲಾಗಿ ರಸ್ತೆಯವರೆಗೆ ಇಳಿದ. ನಗು ತಡೆಯಲಾಗದೆ ಯಾರೋ ನಕ್ಕರು. ಆ ನಗುವಿಗೇ ಇರಬೇಕು, ಪೊಲೀಸನನ್ನು ತಳ್ಳಿ ಬೀಳಿಸಿದಳೆಂದು ವರ್ನೀಟಾಳ ಮೇಲೆ ಕೇಸು ಹಾಕಿದರು. ಸಾಬೀತಾದರೆ ಒಂದು ವರ್ಷ ಕಠಿಣ ಸಜೆ.

ಸಾಕ್ಷಿ ಹೇಳಲು ಯಾರು ಬರುತ್ತಾರೆ? ಸಾಲಿನಲ್ಲಿದ್ದವರಲ್ಲಿ ಒಬ್ಬ ಬಿಳಿಯರ ಗರಗಸದ ಮಿಲ್ಲಿನಲ್ಲಿ ಕೂಲಿ, ಒಬ್ಬಳು ಬಿಳಿಯರ ಮನೆಯ ಅಡುಗೆಯವಳು, ಇನ್ನೊಬ್ಬ ಬಿಳಿಯರ ಜಮೀನಿನಲ್ಲಿ ಗೇಣಿದಾರ. ಕೊನೆಗೆ ಉಳಿದದ್ದು ಮಿಸೆಸ್ ಗೇದರ್ ಒಬ್ಬರೇ. ಅವರು ಒಪ್ಪಿಕೊಂಡದ್ದಲ್ಲದೆ, ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಇನ್ನೊಂದು ಮಾತನ್ನೂ ಹೇಳಿಬಿಟ್ಟರು.

"ಮಾರ್ಚಿನಲ್ಲಿ ವಾಷಿಂಗ್ಟನ್ನಿನ ದೊಡ್ಡ ಕೋರ್ಟು ತೀರ್ಪು ಕೊಟ್ಟಿದೆ, ಎಲ್ಲರಿಗೂ ಗೊತ್ತಲ್ಲ? ನಮ್ಮ ಅಲಬಾಮಾದ ಕೋರ್ಟಲ್ಲೇ ನಮ್ಮವಳೊಬ್ಬಳು ಹುಡುಗಿ, ಮಿಸ್ ಅಂತ ಮರ್ಯಾದೆಯಿಂದ ಕರೆಯೋ ತನಕ ಬಾಯಿ ಬಿಡಲ್ಲ ಅಂದಳು. ಇವರು ಅವಳನ್ನ ಜೈಲಿಗೆ ಹಾಕಿದ್ರು. ಅದು ತಪ್ಪು ಅಂತ ದೊಡ್ಡ ಕೋರ್ಟು ಹೇಳಿದೆ. ನಾನೂ ಅಷ್ಟೆ. ಮಿಸೆಸ್ ಗೇದರ್ ಅಂದರೆ ಓಗೊಡ್ತೀನಿ. ಇಲ್ಲಾಂದ್ರೆ ಇಲ್ಲ."

ಚರ್ಚೆಲ್ಲ ಆಮೆನ್ ಆಮೆನ್ ಎಂದಿತು. ವರ್ನೀಟಾಳ ತಾಯಿ ಡೋವಿ ಮಾತ್ರ ತಲೆ ಬಗ್ಗಿಸಿ ಕೂತಿದ್ದಳು.

ವಾರದ ಮಧ್ಯದಲ್ಲಿ ಬರ್ಮಿಂಗ್‌ಹ್ಯಾಮಿನಿಂದ ವಕೀಲ ಬ್ಯಾಸ್ಕಮ್ ಬಂದರು. ಕಪ್ಪು ವಕೀಲರು, ತೆಳ್ಳಗಿನ ಆಳು, ಜುಲೈ ಸೆಕೆಯಲ್ಲೂ ಕೋಟು ಬಿಚ್ಚದವರು. ಮಿಸೆಸ್ ಗೇದರ್ ಕೊಟ್ಟ ಗೆಣಸಿನ ಪೈ ತಿನ್ನುತ್ತಾ, "ಅವತ್ತು ಕನ್ನಡಕ ಹಾಕಿದ್ರಾ?" ಎಂದು ಕೇಳಿದರು.

"ಇಲ್ಲ. ಅಂಗಡೀಲಿ ಬಿಟ್ಟು ಹೋಗಿದ್ದೆ. ಅದು ಹತ್ತಿರದ ಕೆಲಸಕ್ಕೆ ವಕೀಲರೇ, ಬೈತಲೆ ತೆಗೆಯೋಕೆ. ದೂರದ್ದು ನನಗೆ ಹದ್ದಿಗೆ ಕಂಡಂಗೆ ಕಾಣತ್ತೆ."

"ನನಗೆ ಗೊತ್ತು ಅಮ್ಮಾ. ಆದ್ರೆ ಅರ್ಜಿ ಓದಿ ಹೇಳು ಅಂತ ನೀವು ಪಕ್ಕದವರನ್ನ ಕೇಳಿದ್ದನ್ನ ಪೊಲೀಸರು ಕೇಳಿಸಿಕೊಂಡಿದಾರೆ. ಸರ್ಕಾರಿ ವಕೀಲ ಟೈಸ್ ಅದನ್ನೇ ಹಿಡ್ಕೊಂಡು ಜಗ್ಗಾಡ್ತಾನೆ. ಕನ್ನಡಕ ಇಲ್ಲದ ಮುದುಕಿ ಏನು ಕಂಡಳು ಅಂತಾನೆ. ಜಡ್ಜಿಗೆ ಅಷ್ಟು ನೆಪ ಸಾಕು."

"ಮುದುಕಿ ಅಂದ್ನಾ?"

"ಅಂತಾನೆ ಅಂದೆ," ಎಂದು ಬ್ಯಾಸ್ಕಮ್ ತಟ್ಟೆಯ ಪೈ ಕಡೆಗೆ ತಿರುಗಿದರು.

ವಿಚಾರಣೆಯ ಹಿಂದಿನ ದಿನ ಡೋವಿ ತಲೆ ಮಾಡಿಸಿಕೊಳ್ಳಲು ಬಂದಳು. ಮಗಳ ವಿಚಾರಣೆಗೆ ಕೆದರಿದ ತಲೆಯಲ್ಲಿ ಹೋಗುವುದು ನಮ್ಮ ಊರಿನಲ್ಲಿ ಯಾವ ತಾಯಿಗೂ ಆಗದ ಮಾತು. ಮಿಸೆಸ್ ಗೇದರ್ ಕಬ್ಬಿಣದ ಬಾಚಣಿಗೆಯನ್ನು ಗ್ಯಾಸಿನ ಉರಿಯ ಮೇಲೆ ಕಾಯಿಸಿ, ಎಣ್ಣೆ ಹಚ್ಚಿದ ಕೂದಲನ್ನು ಎಳೆ ಎಳೆಯಾಗಿ ನೇರ ಮಾಡತೊಡಗಿದರು. ಡೋವಿ ಸುಟ್ಟುಕೊಳ್ಳದಂತೆ ಕಿವಿಯನ್ನು ಮಡಚಿ ಹಿಡಿದುಕೊಂಡಿದ್ದಳು.

"ಸಿಸ್ಟರ್ ಗೇದರ್, ಒಂದು ಮಾತು ಕೇಳಲಾ?" ಎಂದಳು, ಚರ್ಚಿನವರೆಲ್ಲ ಕರೆಯುವ ಹಾಗೆ.

"ಕೇಳು. ತಲೆ ಅಲ್ಲಾಡಿಸ್ಬೇಡ, ಅಷ್ಟೇ."

"ನಾಳೆ ಆ ಟೈಸ್ ನಿಮ್ಮ ಹೆಸರು ಕೇಳ್ತಾನೆ. ಆಮೇಲೆ ಹೆಸರು ಹಿಡಿದೇ ಕೂಗ್ತಾನೆ."

"ಕೂಗ್ಲಿ. ಬಾಯಿ ಅವನ್ದು, ಕಿವಿ ನಂದು."

"ನೀವು ಓಗೊಡದೇ ಇದ್ರೆ ಏನಾಗತ್ತೆ ಅಂತ ಬ್ಯಾಸ್ಕಮ್ ವಕೀಲರನ್ನ ಕೇಳ್ದೆ. ಬಿಡಿಸಿ ಹೇಳಿದ್ರು. ಪಾಟೀಸವಾಲಿಗೆ ಉತ್ತರ ಕೊಡದ ಸಾಕ್ಷಿ ಸಾಕ್ಷಿನೇ ಅಲ್ಲ ಅಂತ ಜಡ್ಜು ನೀವು ಹೇಳಿದ್ದನ್ನೆಲ್ಲ ಅಳಿಸಿಹಾಕಬಹುದಂತೆ. ಮೇಲಿನ ಕೋರ್ಟಿಗೆ ಹೋದ್ರೆ ಗೆಲ್ತೀವಂತೆ, ಖಂಡಿತ ಗೆಲ್ತೀವಂತೆ. ಎರಡು ವರ್ಷ ಆಗತ್ತಂತೆ." ಡೋವಿಯ ದನಿ ಒಡೆಯಿತು. "ಅಷ್ಟರಲ್ಲಿ ನನ್ನ ಮಗು ಸಜೆ ಮುಗಿಸಿಕೊಂಡು ಬಂದಿರತ್ತೆ. ನಿಮ್ಮ ಮರ್ಯಾದೆ ವಾಷಿಂಗ್ಟನ್ನಿಗೆ ಹೋಗಿ ವಾಪಸ್ ಬರೋ ತನಕ ಅವಳು ಅಲ್ಲಿ ಕೊಳೀಬೇಕಾ?"

ಬಾಚಣಿಗೆ ಒಂದು ಕ್ಷಣ ಹೆಚ್ಚಿಗೆ ನಿಂತು ಕೂದಲು ಸೀದ ವಾಸನೆ ಬಂತು. ಮಿಸೆಸ್ ಗೇದರ್ ಅದನ್ನು ಒಲೆಯ ಪಕ್ಕ ಇಟ್ಟರು. ಅವರಿಗೆ ಮೈಯೆಲ್ಲ ಉರಿಯಿತು. ಡೋವಿ ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಬಿಳಿಯರ ಮುಂದೆ ಒಂದು ದಿನವೂ ತಗ್ಗದೆ ಬದುಕಿದೆ ಎಂದು ಅವರಿಗೆ ಒಳಗೊಳಗೇ ಒಂದು ಜಂಬವಿತ್ತು. ಆ ಜಂಬದ ಕಾಲಿಗೆ ಈಗ ಈ ಬಡವಿ ಬಿದ್ದು ಬೇಡುತ್ತಿದ್ದಳು. ಮಕ್ಕಳಿಲ್ಲದ ತನಗೆ ತಾಯ ಸಂಕಟ ಗೊತ್ತಾಗಲಿಲ್ಲವೇನೋ ಎಂದು ಅವರಿಗೆ ನಾಚಿಕೆಯಾಯಿತು.

"ಇನ್ನೊಂದು ಕಿವಿ ಹಿಡ್ಕೋ," ಎಂದರು ಕೊನೆಗೆ. ಮತ್ತೆ ಬಾಚಣಿಗೆ ಎತ್ತಿಕೊಂಡು, "ಓಗೊಡ್ತೀನಿ. ಅವನು ಏನಂತ ಕರೆದ್ರೂ ಓಗೊಡ್ತೀನಿ. ಅಳ್ಬೇಡ, ಎಣ್ಣೆ ಮುಖದ ಮೇಲೆ ಇಳಿಯತ್ತೆ" ಎಂದರು.

ಕೋರ್ಟಿನ ಕೋಣೆ ಕುಲುಮೆಯಾಗಿತ್ತು. ಎರಡು ವಾರದ ಹಿಂದಷ್ಟೇ ವಾಷಿಂಗ್ಟನ್ನಿನಲ್ಲಿ ಹೊಸ ಕಾನೂನು ಬಂದಿತ್ತು, ಬಿಳಿಯರಿಗೆ ಬೇರೆ ಕಪ್ಪು ಜನಕ್ಕೆ ಬೇರೆ ಎಂಬುದು ಇನ್ನು ನಡೆಯದು ಎಂದು. ಹೇಗುಡ್‌ಗೆ ಆ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತೇನೋ, ಇನ್ನೂ ತಲುಪಿರಲಿಲ್ಲ. ಕಪ್ಪು ಜನ ಹಿಂದಿನ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತು, ಶವಸಂಸ್ಕಾರದ ಅಂಗಡಿಯವರು ಜಾಹೀರಾತಿಗೆಂದು ಚರ್ಚಿಗೆ ಪುಕ್ಕಟೆ ಕೊಟ್ಟ ರಟ್ಟಿನ ಬೀಸಣಿಗೆಗಳಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಮುಂದಿನ ಬೆಂಚುಗಳಲ್ಲಿ ಬಿಳಿಯರು. ಸರ್ಕಾರಿ ವಕೀಲ ಹಾರ್ಲನ್ ಟೈಸ್ ನವೆಂಬರಿನ ಚುನಾವಣೆಗೆ ನಿಂತಿದ್ದ. ಆ ಬೆಂಚುಗಳಲ್ಲಿ ಇದ್ದವರೆಲ್ಲ ಅವನ ಓಟುಗಳೇ. ಜಡ್ಜ್ ಕ್ರೋವೆಲ್ ವಯಸ್ಸಾದ ಮನುಷ್ಯ. ಕಪ್ಪು ಜನರ ಮೇಲೆ ಅವರಿಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಆ ವರ್ಷ ಮೇಲಿನ ಕೋರ್ಟು ಅವರ ತೀರ್ಪುಗಳನ್ನು ಮತ್ತೆ ಮತ್ತೆ ತಿರುಗಿಸಿ ಹಾಕಿತ್ತು, ಮೀನು ಹಿಡಿಯಲು ಹೋದಲ್ಲಿ ಗೆಳೆಯರೇ ಅದನ್ನು ಎತ್ತಿ ಆಡಿಕೊಳ್ಳುತ್ತಿದ್ದರಂತೆ.

ಪೊಲೀಸ್, ವರ್ನೀಟಾ ತನ್ನನ್ನು ತಳ್ಳಿದಳೆಂದು ಹೇಳಿ ಕೂತ. ಆಮೇಲೆ ಮಿಸೆಸ್ ಗೇದರ್ ಬೈಬಲ್ಲಿನ ಮೇಲೆ ಕೈಯಿಟ್ಟು, ನೀಲಿ ಟೋಪಿ ನೆಟ್ಟಗೆ ಮಾಡಿಕೊಂಡು ಸಾಕ್ಷಿಯ ಕುರ್ಚಿಯಲ್ಲಿ ಕೂತರು. ಬ್ಯಾಸ್ಕಮ್ ಕೇಳಿದ್ದಕ್ಕೆ ಕಂಡದ್ದನ್ನು ಕಂಡಂತೆ ಹೇಳಿದರು. ಹುಡುಗಿಯ ಎರಡೂ ಕೈಯಲ್ಲಿ ಕಾಗದವಿತ್ತು, ಅವಳು ಯಾರನ್ನೂ ಮುಟ್ಟಲಿಲ್ಲ, ಒದ್ದೆ ಮೆಟ್ಟಿಲ ಮೇಲೆ ಆತನ ಬೂಟು ಜಾರಿತು.

ಟೈಸ್ ಎದ್ದು ಬಂದ. ಬಂದವನೇ ಕೇಳಿದ: "ನಿನ್ನ ಹೆಸರೇನು?"

"ಮಿಸೆಸ್ ಎಸ್. ಟಿ. ಗೇದರ್."

"ಅದು ನಿನ್ನ ಗಂಡನ ಹೆಸರು. ನಿನ್ನದು ಕೇಳಿದೆ."

ಮಿಸೆಸ್ ಗೇದರ್ ಹಿಂದಿನ ಬೆಂಚಿನ ಕಡೆ ನೋಡಿದರು. ಡೋವಿ ಬೀಸಣಿಗೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

"ಓಝೆಲಾ," ಎಂದರು.

ಬೀಸಣಿಗೆಗಳು ನಿಂತವು. ಹಿಂದೆ ಕೂತಿದ್ದ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಅವರ ಕೈಗೆ ಜುಟ್ಟು ಕೊಟ್ಟವರೇ. ಒಬ್ಬರಿಗೂ ಈ ಹೆಸರು ಗೊತ್ತಿರಲಿಲ್ಲ. ಈಗ ಗೊತ್ತಾದದ್ದೂ ಹೀಗೆ. ಟೈಸ್‌ಗೆ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಯಿತು.

"ಸರಿ ಓಝೆಲಾ. ಈಗ ಹೇಳು ಓಝೆಲಾ, ನೀನು ಎಷ್ಟು ದೂರದಲ್ಲಿ ನಿಂತಿದ್ದೆ?"

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೆ ಗೊತ್ತಿತ್ತು. ದೂರದ ಪ್ರಶ್ನೆಯ ಹಿಂದೆ ಕನ್ನಡಕದ ಪ್ರಶ್ನೆ ಕಾದು ಕೂತಿತ್ತು. ಆದರೂ ಕೊಟ್ಟ ಮಾತು ಕೊಟ್ಟಾಗಿತ್ತು. ಅವರು ಬಾಯಿ ತೆರೆದರು.

"ಮಿಸೆಸ್ ಗೇದರ್, ಅವರಿಗೆ ಉತ್ತರ ಕೊಡಬೇಡಿ."

ವರ್ನೀಟಾ ಎದ್ದು ನಿಂತಿದ್ದಳು. ಬ್ಯಾಸ್ಕಮ್ ಅವಳ ತೋಳು ಹಿಡಿದು ಕೂರಿಸಲು ನೋಡಿದರು, ಕೂರಲಿಲ್ಲ. "ನನಗೋಸ್ಕರ ನೀವು ತಲೆ ತಗ್ಗಿಸಬೇಡಿ. ಜೈಲಿಗೆ ನಾನು ಹೋಗ್ತೀನಿ, ಹೋಗೋದು ನಾನು. ಅಮ್ಮ ನಿಮ್ಮನ್ನ ಏನು ಕೇಳ್ಕೊಂಡ್ಳು ಅಂತ ನನಗೆ ಗೊತ್ತು. ಅಮ್ಮಾ, ನೀನು ಸುಮ್ನಿರು."

ಜಡ್ಜ್ ಸುತ್ತಿಗೆ ಕುಟ್ಟಿದರು. "ಕೂತ್ಕೋ ಹುಡುಗಿ! ಕೋರ್ಟಲ್ಲಿ ಬಾಯಿ ಮಾಡಿದ್ದಕ್ಕೆ ಮೂರು ದಿನ ಜೈಲು. ಇನ್ನೊಂದು ಮಾತಾಡಿದ್ರೆ ಮೂವತ್ತು." ವರ್ನೀಟಾ ಕೂತಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ಇಲ್ಲವೆನ್ನಲಾಗದು. ಹತ್ತೊಂಬತ್ತರ ಹುಡುಗಿ, ಹೆದರದೆ ಇನ್ನೇನು.

ಮಿಸೆಸ್ ಗೇದರ್‌ಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ತಾಯಿಗೆ ಕೊಟ್ಟ ಮಾತು ಒಂದು ಕಡೆ, ಮಗಳು ಬೇಡಿಕೊಂಡದ್ದು ಇನ್ನೊಂದು ಕಡೆ. ಮತ್ತೆ ಡೋವಿಯ ಕಡೆ ನೋಡಿದರು. ಡೋವಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಮಗಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ಮಿಸೆಸ್ ಗೇದರ್ ಕಡೆ ತಿರುಗಿ, ಬೇಡ ಎನ್ನುವಂತೆ ತಲೆಯಾಡಿಸಿದಳು.

ಅಷ್ಟೇ ಬೇಕಾಗಿದ್ದದ್ದು. ಮಿಸೆಸ್ ಗೇದರ್ ಬಾಯಿ ಮುಚ್ಚಿದರು.

"ಓಝೆಲಾ, ನಿನ್ನನ್ನೇ ಕೇಳಿದ್ದು," ಎಂದ ಟೈಸ್.

ಮಿಸೆಸ್ ಗೇದರ್ ಟೋಪಿ ಸರಿ ಮಾಡಿಕೊಂಡರು.

"ಓಝೆಲಾ!"

ಅವರು ಕಿಟಕಿಯಾಚೆ ಮರದ ಮೇಲೆ ಕೂತ ಹಕ್ಕಿಯನ್ನು ನೋಡುತ್ತಿದ್ದರು. ಜಡ್ಜ್ ಮುಂದಕ್ಕೆ ಬಾಗಿದರು. "ಉತ್ತರ ಕೊಡು. ಕೊಡದಿದ್ರೆ ಏನಾಗತ್ತೆ ಗೊತ್ತಲ್ಲ?"

"ಗೊತ್ತು ಮಹಾಸ್ವಾಮಿ. ಉತ್ತರ ಕೊಡಲ್ಲ ಅಂತ ನಾನು ಹೇಳಿಲ್ಲ. ಮಿಸೆಸ್ ಗೇದರ್ ಅಂತ ಕರೆದು ಅವರು ಏನು ಬೇಕಾದ್ರೂ ಕೇಳಲಿ, ಸಂಜೆ ತನಕ ಕೂತು ಹೇಳ್ತೀನಿ."

ಬ್ಯಾಸ್ಕಮ್ ಎದ್ದರು. ದನಿ ಏರಿಸದೆ, ಮಾರ್ಚ್ ತಿಂಗಳ ತೀರ್ಪಿನ ಮಾತು ತೆಗೆದರು. ಅದು ಇದೇ ರಾಜ್ಯದಿಂದ ಹೋದ ಕೇಸು, ಇದೇ ಪ್ರಶ್ನೆ, ಕೆಳಗಿನ ಕೋರ್ಟು ಕೊಟ್ಟ ಶಿಕ್ಷೆಯನ್ನು ದೊಡ್ಡ ಕೋರ್ಟು ತಳ್ಳಿಹಾಕಿದೆ ಎಂದರು. "ಮಹಾಸ್ವಾಮಿಗಳ ತೀರ್ಪೂ ಅದೇ ದಾರೀಲಿ ಅಲ್ಲಿಗೆ ಹೋಗಿ ಬರೋದನ್ನ ನೋಡೋಕೆ ನನಗಂತೂ ಇಷ್ಟವಿಲ್ಲ," ಎಂದು ಕೂತರು.

ಜಡ್ಜ್ ಕ್ರೋವೆಲ್ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಬಹುಶಃ ಅವರಿಗೆ ಮೀನು ಹಿಡಿಯುವ ಗೆಳೆಯರು ನೆನಪಾಗಿರಬೇಕು. "ಟೈಸ್, ದೊಡ್ಡ ಕೋರ್ಟು ಹೇಳಿದ ಹಾಗೆ ಕರೆದು ಕೇಳಿ. ಇಲ್ಲಾ ಕೂತ್ಕೊಳ್ಳಿ. ನನಗೆ ಊಟದ ಹೊತ್ತಾಯ್ತು."

ಎಲ್ಲರೂ ಟೈಸ್‌ನ ಬಾಯಿ ನೋಡಿದರು. ಒಂದೇ ಒಂದು ಮಾತು, ಅಷ್ಟೇ. ಅವನು ಅದನ್ನು ದಿನಕ್ಕೆ ಐವತ್ತು ಸಲ ಅನ್ನುತ್ತಿದ್ದ, ಚರ್ಚಿನಲ್ಲಿ, ಬ್ಯಾಂಕಿನಲ್ಲಿ, ಅವರಿವರ ಮನೆ ಬಾಗಿಲಲ್ಲಿ ಓಟು ಕೇಳುತ್ತಾ. ಅದನ್ನು ಒಮ್ಮೆ ಅಂದು ಕನ್ನಡಕದ ಮಾತು ಎತ್ತಿದ್ದರೆ ಕೇಸು ಅವನ ಜೇಬಿನಲ್ಲಿತ್ತು. ಅವನು ಬಾಯಿ ತೆರೆದ. "ಮಿ..." ಎಂದ. ಮುಂದಿನ ಬೆಂಚಿನಲ್ಲಿ ಗರಗಸದ ಮಿಲ್ಲಿನ ಮಾಲೀಕ ಕಾಲ ಮೇಲೆ ಕಾಲು ಹಾಕಿ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. ಅವನ ಹೆಂಡತಿ, ಊರಿಗೆಲ್ಲ ದೊಡ್ಡ ಮಿಸೆಸ್, ಹುಬ್ಬು ಮೇಲಕ್ಕೆತ್ತಿದ್ದಳು. ಟೈಸ್‌ನ ಕುತ್ತಿಗೆ ಕೆಂಪಾಯಿತು.

"ಆಂಟಿ..." ಎಂದ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜಡ್ಜ್ ತಲೆಯಾಡಿಸಿದರು. "ಅದಲ್ಲ ಟೈಸ್."

ಟೈಸ್ ಇನ್ನೊಮ್ಮೆ ಬೆಂಚಿನ ಕಡೆ ನೋಡಿದ. ನವೆಂಬರನ್ನು ನೋಡಿದ ಎನ್ನಿ. "ಪ್ರಶ್ನೆಗಳಿಲ್ಲ," ಎಂದು ಹೋಗಿ ಕೂತ.

ಬ್ಯಾಸ್ಕಮ್ ತಲೆ ಎತ್ತಲಿಲ್ಲ. ಎತ್ತಿದ್ದರೆ ನಗು ಬರುತ್ತಿತ್ತು ಎಂದು ಆಮೇಲೆ ಹೇಳಿದರು. ಸಾಕ್ಷಿಯ ಮಾತಿಗೆ ಎದುರು ಮಾತೇ ಇಲ್ಲ ಎಂದು ಅವರು ಎರಡು ವಾಕ್ಯದಲ್ಲಿ ಮುಗಿಸಿದರು. ಜಡ್ಜ್ ಮುಖ ಸಿಂಡರಿಸಿಕೊಂಡು, ಔಷಧಿ ಕುಡಿದವರ ಹಾಗೆ, ಪೊಲೀಸನನ್ನು ತಳ್ಳಿದ ಆರೋಪ ಸಾಬೀತಾಗಿಲ್ಲ ಎಂದರು. ಬಾಯಿ ಮಾಡಿದ್ದಕ್ಕೆ ಕೊಟ್ಟ ಮೂರು ದಿನವನ್ನು ಮಾತ್ರ ಬಿಡಲಿಲ್ಲ. ವರ್ಷದ ಸಜೆ ಮೂರು ದಿನಕ್ಕೆ ಇಳಿದಿತ್ತು. ವರ್ನೀಟಾ ಪೊಲೀಸರ ಜೊತೆ ಹೋಗುವಾಗ ಹಿಂತಿರುಗಿ ನೋಡಿ ನಕ್ಕಳು. ಹಿಂದಿನ ಬೆಂಚಿನವರು ಹೊರಗೆ ಮೆಟ್ಟಿಲಿಗೆ ಬರುವ ತನಕ ತಡೆದುಕೊಂಡು, ಅಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು, ನಕ್ಕರು. ಕೆಲವರು ಆ ಬಿಸಿಯಲ್ಲೇ ಒಳಗೆ ತಿರುಗಿ ಹೋಗಿ ಓಟಿನ ಅರ್ಜಿಯ ಕಿಟಕಿಯ ಮುಂದೆ ಸಾಲು ನಿಂತರು.

ಡೋವಿ, ಮಿಸೆಸ್ ಗೇದರ್ ಇಬ್ಬರೇ ಮನೆಯ ಕಡೆ ನಡೆದರು. ರೈಲು ಹಳಿ ದಾಟಿದ ಮೇಲೆ ಡೋವಿ, "ಇಷ್ಟು ವರ್ಷ ನಿಮ್ಮ ಕೈಗೆ ತಲೆ ಕೊಟ್ಟಿದೀನಿ. ನಿಮ್ಮ ಹೆಸರು ಕೇಳೋಕೆ ಕೋರ್ಟಿಗೆ ಬರ್ಬೇಕಾಯ್ತು ನೋಡಿ" ಎಂದಳು. "ನನ್ನಿಂದಾಗಿ ಅದು ಆ ಟೈಸ್‌ನ ಬಾಯಿಗೆ ಬಿತ್ತು. ನನ್ನ ಮೇಲೆ ಕೋಪನಾ?"

"ನಿನ್ನೆ ಇತ್ತು. ಇವತ್ತಿಲ್ಲ." ಮಿಸೆಸ್ ಗೇದರ್ ನಿಂತು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಅವನು ಮೊದಲನೇ ಸಲ ಕೂಗಿದ್ನಲ್ಲ ಡೋವಿ, ಕೋಪ ಬರಲಿಲ್ಲ. ಎದೆ ಧಸಕ್ಕಂತು. ಸೈಲಸ್ ಹೋದ್ಮೇಲೆ ಆ ಹೆಸರು ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ಮನೇಲಿ ಅವನೊಬ್ಬನೇ ಕರೀತಿದ್ದಿದ್ದು, ಅದೂ ದನಿ ತಗ್ಗಿಸಿ. ಬಿಳಿಯರ ಕೈಗೆ ಸಿಗಬಾರದು ಅಂತ ಬಚ್ಚಿಟ್ಟೆ. ಬಚ್ಚಿಟ್ಟು ಬಚ್ಚಿಟ್ಟು ನಿಮಗೂ ಸಿಗದ ಹಾಗೆ ಮಾಡ್ಕೊಂಡೆ. ಯಾರಾದ್ರೂ ಕರೀಲಿ ಅಂತ ಆಸೆ ಆಗತ್ತೆ ಕಣೇ, ಒಬ್ಬಳೇ ಇದ್ದಾಗ."

ಡೋವಿ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಮತ್ತೆ ನಡೆಯತೊಡಗಿದರು. ಪಾರ್ಲರಿನ ಬಾಗಿಲು ಬರುವವರೆಗೆ ಡೋವಿ ಆ ಹೆಸರನ್ನು ಬಾಯಲ್ಲೇ ತಿರುಗಿಸಿಕೊಳ್ಳುತ್ತಿದ್ದಳು. ಧೈರ್ಯ ಸಾಲುತ್ತಿರಲಿಲ್ಲ.

"ಓಝೆಲಾ," ಎಂದಳು ಕೊನೆಗೆ, ಮೆಲ್ಲಗೆ.

"ಏನೇ?"

"ಮಗುಗೆ ಜೈಲಿಗೆ ಊಟ ಕಳಿಸ್ಬೇಕಲ್ಲ. ಏನು ಮಾಡೋಣ?"

"ಕೋಳಿ ಹುರಿಯೋಣ," ಎಂದರು ಮಿಸೆಸ್ ಗೇದರ್, ಕಣ್ಣೊರೆಸಿಕೊಂಡು ಬೀಗ ತೆಗೆಯುತ್ತಾ. "ಇನ್ನೊಂದ್ಸಲ ಕರಿ. ಜೋರಾಗಿ ಕರಿ, ಬೀದಿಗೆಲ್ಲ ಕೇಳ್ಲಿ."